ಗಿಣ್ಣದ ಹಾಲಿನ ಮೇಡಂ

ಹೋದ ಸೋಮವಾರ ತೀರ್ಥಹಳ್ಳಿಯಿಂದ ಫೋನ್ ಬಂತು. ಮೇಡಂ ಅವರ ತಂಗಿ. "ನಿಮ್ ಡಬ್ಬಿ ಇಲ್ಲೇ ಉಳ್ದಿತ್ತು. ಹನ್ನೊಂದೂವರೆ ಬಸ್ಸಲ್ಲಿ ಕಳ್ಸಿದೀನಿ, ಕಂಡಕ್ಟರ್ ಹತ್ರ ಇಸ್ಕೊಳ್ಳಿ" ಎಂದರು. ನಾನು ಸಾಗರದ ಬಸ್ ಸ್ಟ್ಯಾಂಡಿಗೆ ಹೋಗಿ ಡಬ್ಬಿಯನ್ನು ಇಸಿದುಕೊಂಡು ಬಂದೆ. ಮುಚ್ಚಳಕ್ಕೆ ಸುತ್ತಲೂ ಅಂಟುಪಟ್ಟಿ ಹಾಕಿದ್ದರು. ಎತ್ತಿದಾಗ ಒಳಗೆ ಏನೋ ಅಲುಗಾಡಿತು. ಮೇಡಂ ತೀರಿಕೊಂಡು ಆಗಲೇ ಹದಿಮೂರು ದಿನ ಕಳೆದಿತ್ತು. ನನ್ನ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ಕೊಡುವವರ ಸಾಲು ಇದ್ದುದರಿಂದ ಡಬ್ಬಿಯನ್ನು ಮೈಕ್ರೋಸ್ಕೋಪಿನ ಪಕ್ಕದಲ್ಲಿಟ್ಟು ಕೆಲಸಕ್ಕೆ ಕೂತೆ. ನಿಜ ಹೇಳಬೇಕೆಂದರೆ ಸಾಲು ಒಂದು ನೆಪ. ಅದನ್ನು ತೆರೆಯಲು ನನಗೆ ಧೈರ್ಯವಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಒಮ್ಮೆ ಪತ್ರಿಕೆಯಲ್ಲಿ ಬಂದು ಅವರಿಗೆ ಆದದ್ದೇ ಸಾಕು. ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದರು. ಹೊಸನಗರದ ಕಡೆಯವರು. ಅಪ್ಪ ಗೇಣಿ ಗದ್ದೆ ಮಾಡುತ್ತಿದ್ದು, ಭೂಸುಧಾರಣೆ ಕಾನೂನು ಬಂದ ಮೇಲೆ ಆ ಗದ್ದೆಗೇ ಒಡೆಯರಾದವರು. ಮನೆತನದಲ್ಲಿ ಹೈಸ್ಕೂಲು ದಾಟಿದ ಮೊದಲ ಹೆಣ್ಣು ಇವರೇ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಹುಡುಗನ್ನ ನೋಡಕ್ಕೆ ಹೋದ ದಿನ ಇನ್‌ಕ್ಯುಬೇಟರ್ ಆಫ್ ಆಗಿತ್ತು, ವಾಪಸ್ ಬಂದ್ಬಿಟ್ಟೆ" ಅನ್ನುತ್ತಿದ್ದರು. ಅದು ಸುಳ್ಳೋ ನಿಜವೋ ನಮಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಕುಳ್ಳಗಿದ್ದರು. ಬೆಂಚಿನ ಮೇಲೆ ಕೈ ಎಟುಕಲೆಂದು ಒಂದು ಮಣೆ ಹಾಕಿಕೊಂಡು ನಿಲ್ಲುತ್ತಿದ್ದರು. ಆ ಮಣೆಯನ್ನು ಬೇರೆ ಯಾರಾದರೂ ಸರಿಸಿದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ಉಳಿದಂತೆ ಗಾಜು ಒಡೆದರೂ, ದ್ರಾವಣ ಚೆಲ್ಲಿದರೂ, "ಆಯ್ತು, ಒರ್ಸು. ಆದ್ರೆ ಒಡ್ದಿದ್ದನ್ನ ಬರ್ದಿಡು" ಎಂದಷ್ಟೇ ಹೇಳುತ್ತಿದ್ದರು. ಬರೆದಿಡುವುದು ಅವರ ಹುಚ್ಚು. ಪ್ರತಿ ಸೀಸೆಗೂ ಒಂದು ಚೀಟಿ: ಏನು, ಎಲ್ಲಿಂದ, ಯಾವಾಗ, ಯಾರ ಕೈಯಿಂದ. ಮನೆಯಿಂದ ತರುತ್ತಿದ್ದ ಉಪ್ಪಿನಕಾಯಿ ಬಾಟಲಿಗೂ ಅದೇ ನಾಲ್ಕು ಸಾಲಿನ ಚೀಟಿ ಅಂಟಿಸಿರುತ್ತಿತ್ತು. ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು, ಆದರೆ ಚೀಟಿ ತೆಗೆಯುತ್ತಿರಲಿಲ್ಲ.

ನಾನು ಅವರ ಕೈಗೆ ಸಿಕ್ಕಿದ್ದು ಬಿ.ಎಸ್ಸಿ. ಕೊನೆಯ ವರ್ಷದಲ್ಲಿ. ನಿಟ್ಟೂರಿನ ಹತ್ತಿರದ ಹುಡುಗಿ, ಹಾಸ್ಟೆಲಿನಲ್ಲಿದ್ದೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ಪ್ರಾಜೆಕ್ಟಿಗೆ ಯಾರೂ ನನ್ನನ್ನು ಸೇರಿಸಿಕೊಳ್ಳದೆ ಉಳಿದಾಗ ಅವರು ಕರೆದು, "ನಿಮ್ಮೂರಲ್ಲಿ ಕಪ್ಪೆ ಸಿಗ್ತಾವಾ?" ಎಂದು ಕೇಳಿದರು. ಸಿಗುತ್ತವೆ ಎಂದೆ. "ಮಲ್ನಾಡ್ ಗಿಡ್ಡ ಸಾಕಿದೀರಾ?" ಸಾಕಿದ್ದೇವೆ ಎಂದೆ. "ಹಂಗಾದ್ರೆ ನೀನೇ ನಂಗೆ ಬೇಕಾಗಿದ್ದು" ಎಂದರು. ಹುಟ್ಟಿದ ಊರಿನ ಕಪ್ಪೆ, ಕುಳ್ಳು ಜಾತಿಯ ಆಕಳಿನಿಂದಾಗಿ ನನಗೂ ಒಂದು ಬೆಲೆ ಬಂತಲ್ಲ ಎಂದು ಅವತ್ತು ಹಿಗ್ಗಿದ್ದೆ.

ಆಗ ಅವರು ಪಿಎಚ್.ಡಿ. ಮಾಡುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು. ಪಾಠ ಮುಗಿದ ಮೇಲೆ, ರಜೆಯಲ್ಲಿ, ಭಾನುವಾರಗಳಲ್ಲಿ ಮಾಡಿದ ಕೆಲಸ. ವಿಷಯವನ್ನು ನನ್ನಂಥವಳಿಗೂ ತಿಳಿಯುವಂತೆ ಹೇಳಿದ್ದರು: "ಪ್ರೋಟೀನ್ ಅಂದ್ರೆ ಉದ್ದನೆ ಸರ. ಅದ್ರದ್ದೊಂದು ಚಿಕ್ಕ ತುಂಡು ಪೆಪ್ಟೈಡ್. ಕೆಲವು ತುಂಡಿಗೆ ರೋಗದ ಸೂಕ್ಷ್ಮಜೀವಿ ಕೊಲ್ಲೋ ಶಕ್ತಿ ಇರ್ತದೆ. ನಾವು ಮಾತ್ರೆ ಕಂಡುಹಿಡಿಯೋಕ್ ಮುಂಚೆನೇ ಜೀವಿಗಳೆಲ್ಲ ತಮ್ ಔಷಧಿ ತಾವೇ ಮಾಡ್ಕೊಂಡಿದ್ವು. ಯಾರದ್ದು ಜೋರು ಅಂತ ಹೋಲ್ಸಿ ನೋಡೋದು ನಮ್ ಕೆಲ್ಸ." ಹೋಲಿಕೆಗೆ ನಾಲ್ಕು ಕಡೆಯ ಪೆಪ್ಟೈಡ್ ಆರಿಸಿಕೊಂಡಿದ್ದರು. ಕಪ್ಪೆಯ ಚರ್ಮದ ಲೋಳೆಯದು, ಅಲಸಂದೆ ಬೀಜದ್ದು, ಮೊಸರಿನ ಬ್ಯಾಕ್ಟೀರಿಯಾದ್ದು, ಮತ್ತು ಗಿಣ್ಣದ ಹಾಲಿನದು, ಅಂದರೆ ಕರು ಹಾಕಿದ ಆಕಳು ಮೊದಲ ದಿನಗಳಲ್ಲಿ ಕೊಡುವ ಆ ದಪ್ಪ ಹಳದಿ ಹಾಲಿನದು.

ಈ ಹಟಕ್ಕೆ ಕಾರಣವಿತ್ತು. ಅವರ ತಾಯಿಗೆ ಸಕ್ಕರೆ ಕಾಯಿಲೆ. ಕಾಲಿನ ಗಾಯ ವಾಸಿಯಾಗದೆ ತೀರಿಹೋದರು. ಕೀವಿನ ಪರೀಕ್ಷೆಯ ವರದಿಯಲ್ಲಿ ಔಷಧಿಗಳ ಪಟ್ಟಿ, ಪ್ರತಿಯೊಂದರ ಮುಂದೆಯೂ 'ಆರ್' ಎಂಬ ಅಕ್ಷರ, ಅಂದರೆ ಈ ಔಷಧಿಗೆ ಸೂಕ್ಷ್ಮಜೀವಿ ಬಗ್ಗುವುದಿಲ್ಲ ಎಂದು. ಆ ವರದಿಯನ್ನು ಮೇಡಂ ತಮ್ಮ ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ಈಗ ನಾನೇ ಅಂಥ ವರದಿಗಳನ್ನು ದಿನಾ ಅಚ್ಚು ಹಾಕಿ ಕೊಡುತ್ತೇನೆ. 'ಆರ್' ಸಾಲಾಗಿ ಬಂದಾಗ ರೋಗಿಯ ಹೆಸರನ್ನು ಮತ್ತೊಮ್ಮೆ ಓದುತ್ತೇನೆ.

ಕಪ್ಪೆಗಳ ವಿಷಯದಲ್ಲಿ ಮೇಡಂ ಮಹಾ ಕಟ್ಟುನಿಟ್ಟು. ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಪತ್ರ ಮಾಡಿಸಿಕೊಂಡಿದ್ದರು. ಬೆನ್ನನ್ನು ಮೆಲ್ಲಗೆ ಉಜ್ಜಿ ಲೋಳೆ ತೊಳೆದುಕೊಂಡು, ಮತ್ತೆ ತಣ್ಣೀರಲ್ಲಿ ಬಿಟ್ಟು, ಮಾರನೆಯ ದಿನ ಹಿಡಿದ ಜಾಗದಲ್ಲೇ ಬಿಡಬೇಕು. ಕಾಲೇಜಿನ ಹಿಂದೆಯೇ ತುಂಗಾ ಹೊಳೆ ಇದೆಯಲ್ಲ, ಅಲ್ಲಿ ಬಿಟ್ಟರಾಯಿತು ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ನಿನ್ನನ್ನ ಹಾಸ್ಟೆಲಿಂದ ಎತ್ಕೊಂಡು ಹೋಗಿ ಕಾರ್ಗಲ್ಲಲ್ಲಿ ಬಿಟ್ರೆ ಆಗ್ತದಾ?" ಎಂದರು. ಹಾಗಾಗಿ ತೂತು ಮಾಡಿದ ಡಬ್ಬಿಯಲ್ಲಿ ಕಪ್ಪೆ ಇಟ್ಟುಕೊಂಡು ನಾವಿಬ್ಬರೂ ನಿಟ್ಟೂರಿನ ಬಸ್ಸು ಹತ್ತುತ್ತಿದ್ದೆವು. ಡಬ್ಬಿಯೊಳಗಿಂದ ಸದ್ದು ಬಂದಾಗ ಕಂಡಕ್ಟರ್, "ಮೇಡಂ, ಒಳಗಿರೋರಿಗೆ ಹಾಫ್ ಟಿಕೆಟ್ಟಾ?" ಎಂದ. "ಅವ್ರು ಸೀಟಲ್ಲಿ ಕೂತಿಲ್ವಲ್ಲ ಮಾರಾಯ" ಎಂದು ಮೇಡಂ ಗಂಭೀರವಾಗಿ ಉತ್ತರಿಸಿದರು. ಇಡೀ ಬಸ್ಸು ನಕ್ಕಿತು.

ಫ್ರಿಜ್ಜಿನದು ಇನ್ನೊಂದು ಗೋಳು. ಮಾದರಿಗಳು ಬೆಚ್ಚಗಾದರೆ ಕೆಟ್ಟುಹೋಗುತ್ತವೆ, ಕರೆಂಟು ಮಾತ್ರ ಮಳೆಗಾಲದಲ್ಲಿ ಇದ್ದರೆ ಇದೆ ಇಲ್ಲದಿದ್ದರೆ ಇಲ್ಲ. "ಲಿಂಗನಮಕ್ಕಿ ನಮ್ ಜಿಲ್ಲೇಲೇ ಇದೆ. ಕರೆಂಟ್ ಹುಟ್ಟೋದು ಇಲ್ಲಿ, ಬದುಕೋದು ಬೇರೆ ಕಡೆ" ಎಂದು ಬೈದುಕೊಳ್ಳುತ್ತ ಮೀನಿನ ಅಂಗಡಿಗೆ ಹೋಗಿ ಐಸು ತರುತ್ತಿದ್ದರು. ಎರಡು ದಿನ ಲ್ಯಾಬಿನ ತುಂಬ ಬಂಗುಡೆ ವಾಸನೆ. ಪ್ರಿನ್ಸಿಪಾಲರು ಮೂಗು ಮುಚ್ಚಿಕೊಂಡು ಬಂದು ಕೇಳಿದಾಗ, "ಸಾರ್, ವಾಸ್ನೆ ಹೋಗ್ತದೆ. ಮಾದರಿ ಹೋದ್ರೆ ಬರಲ್ಲ" ಎಂದು ಬಾಗಿಲು ಹಾಕಿಕೊಂಡರು.

ಅವರು ತಟ್ಟೆ ಓದುವುದನ್ನು ನೋಡಬೇಕಿತ್ತು. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಪೋಷಕ ಜೆಲ್ಲಿ ಹಾಕಿ, ಅದರ ಮೇಲೆ ಕೀವಿನ ಬ್ಯಾಕ್ಟೀರಿಯಾ ಹರಡಿ, ಪೆಪ್ಟೈಡಿನಲ್ಲಿ ಅದ್ದಿದ ಕಾಗದದ ಸಣ್ಣ ಬಿಲ್ಲೆಗಳನ್ನು ಇಡುವುದು. ಮಾರನೆಯ ದಿನ ಬ್ಯಾಕ್ಟೀರಿಯಾ ಬೆಳೆದು ತಟ್ಟೆ ಮಂಜಾಗಿರುತ್ತದೆ. ಬಿಲ್ಲೆಯಲ್ಲಿ ಶಕ್ತಿ ಇದ್ದರೆ ಅದರ ಸುತ್ತ ಮಾತ್ರ ಏನೂ ಬೆಳೆಯದೆ ತಿಳಿಯಾದ ಒಂದು ಬಳೆ. ಅದನ್ನವರು 'ಬಯಲು' ಎನ್ನುತ್ತಿದ್ದರು. ಬಯಲು ದೊಡ್ಡದಿದ್ದಷ್ಟೂ ಔಷಧಿ ಜೋರು. ಯಾವ ಬಿಲ್ಲೆ ಯಾವುದೆಂದು ಅಳೆಯುವವರಿಗೆ ಹೇಳುತ್ತಿರಲಿಲ್ಲ. ನಂಬರ್ ಅಷ್ಟೆ. "ಗೊತ್ತಿದ್ರೆ ಕಣ್ಣು ನಮ್ ಕಡೆ ಆಗ್ಬಿಡ್ತದೆ" ಎನ್ನುತ್ತಿದ್ದರು. ಪ್ರತಿ ತಟ್ಟೆಯ ನಡುವೆಯೂ ಏನೂ ಔಷಧಿಯಿಲ್ಲದ ಖಾಲಿ ಬಿಲ್ಲೆಯೊಂದನ್ನು ಇಡಬೇಕು. ಅದರ ಸುತ್ತ ಬಯಲು ಬಂದರೆ ಪ್ರಯೋಗವೇ ತಪ್ಪು. ನಾನು ಸದಾ ಖಾಲಿ ಬಿಲ್ಲೆಯನ್ನು ಮರೆಯುತ್ತಿದ್ದೆ. "ಬೇರೆಯೋರೆಲ್ಲ ಹೊಗಳಿಸ್ಕೊಳ್ಳಕ್ ಬಂದೋರು. ಸತ್ಯ ಹೇಳಕ್ ಬಂದೋನು ಅವನೊಬ್ನೆ, ಅವನ್ನ ಮರೀಬೇಡ" ಎಂದು ಬೆನ್ನ ಮೇಲೆ ಒಂದು ಕೊಟ್ಟಿದ್ದರು.

ಗಿಣ್ಣದ ಹಾಲು ತರುವ ಕೆಲಸ ನನ್ನದಾಗಿತ್ತು. ನಮ್ಮ ಮನೆ ಮತ್ತು ಸುತ್ತಿನ ಮನೆಗಳ ಗಿಡ್ಡಗಳದ್ದು, ಹೊಸನಗರದ ಕಡೆಯ ಡೈರಿಗೆ ಹಾಲು ಹಾಕುವ ಮನೆಗಳ ಜರ್ಸಿಗಳದ್ದು. ಕರು ಹಾಕಿದ ಸುದ್ದಿ ಬಂದ ಕೂಡಲೇ ಸೀಸೆ ಹಿಡಿದು ಓಡುತ್ತಿದ್ದೆ. ಚೀಟಿಯ ನಾಲ್ಕೂ ಸಾಲು ತಪ್ಪದೆ ತುಂಬುತ್ತಿದ್ದೆ. ಹಾಲಿನಿಂದ ಪೆಪ್ಟೈಡ್ ಬಿಡಿಸಲು ಅವರು ಹುಳಿ ಬೆರೆಸಿದ ಆಲ್ಕೋಹಾಲು ಬಳಸುತ್ತಿದ್ದರು. ಕೊನೆಗೆ ಉಳಿಯುತ್ತಿದ್ದುದು ಹಳದಿ ಬಣ್ಣದ ಒಂದು ತಿಳಿ ರಸ. ಗಿಣ್ಣವೇ ಹಳದಿ, ಹಾಗಾಗಿ ಯಾರಿಗೂ ಏನೂ ಅನ್ನಿಸಲಿಲ್ಲ.

ಗಿಡ್ಡಗಳ ಗಿಣ್ಣದ ಬಿಲ್ಲೆ ಗೆದ್ದಿತು. ಕಪ್ಪೆ, ಬೀಜ, ಮೊಸರು, ಜರ್ಸಿ ಎಲ್ಲವನ್ನೂ ಹಿಂದೆ ಹಾಕಿ ಎದ್ದು ಕಾಣುವ ಬಯಲು. ಅದೂ ಕೀವಿನ ಬ್ಯಾಕ್ಟೀರಿಯಾದ ಮೇಲೆ, ಅವರ ತಾಯಿಯ ಕಾಲಿನಲ್ಲಿದ್ದ ಜಾತಿಯದೇ. ನಂಬರಿನ ಪಟ್ಟಿ ಬಿಚ್ಚಿ ನೋಡಿದ ಮೇಡಂ ಮಣೆಯಿಂದ ಇಳಿದು ಸ್ಟೂಲಿನ ಮೇಲೆ ಕೂತು, ಮೊದಲು ನಕ್ಕು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಮ್ಮ ದಿನಾ ಕರೀತಿದ್ದ ಹಸು ಕಣೇ ಇದು. ಕೊಟ್ಟಿಗೇಲೇ ಇತ್ತು ಔಷಧಿ" ಎಂದರು. ಅವತ್ತು ಎಲ್ಲರಿಗೂ ಖಾರ ಮಂಡಕ್ಕಿ ತರಿಸಿದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮತ್ತೆ ಮತ್ತೆ ಮಾಡಿದರು, ಪ್ರತಿಸಲವೂ ಅದೇ ಫಲ. ಪ್ರಬಂಧ ಬರೆದು ಸಲ್ಲಿಸಿದರು. ಸುದ್ದಿ ಹೇಗೋ ಹೊರಗೆ ಹೋಗಿ ಪತ್ರಿಕೆಯಲ್ಲಿ ಫೋಟೋ ಸಮೇತ ಬಂತು. ನಾಟಿ ಹಸುವಿನ ಅಭಿಮಾನಿಗಳು ಶಾಲು ಹೊದಿಸಿದರು. ಬಸ್ಸಿನಲ್ಲಿ, ಅಂಗಡಿಯಲ್ಲಿ ಎಲ್ಲರೂ ಅವರನ್ನು ಗಿಣ್ಣದ ಹಾಲಿನ ಮೇಡಂ ಎಂದು ಕರೆಯತೊಡಗಿದರು. ಇನ್ನು ಮೌಖಿಕ ಪರೀಕ್ಷೆಯೊಂದು ಮುಗಿದರೆ ಡಾಕ್ಟರೇಟ್. ಅದಾದರೆ ಬಡ್ತಿ, ತಡೆದಿಟ್ಟಿದ್ದ ವಿಭಾಗದ ಮುಖ್ಯಸ್ಥರ ಕುರ್ಚಿ. ಜರ್ನಲ್ಲಿಗೆ ಕಳಿಸುವ ಲೇಖನದಲ್ಲಿ ನನ್ನ ಹೆಸರನ್ನೂ ಸೇರಿಸುತ್ತೇನೆ ಎಂದಿದ್ದರು. ನಾನು ಆ ಹೆಸರನ್ನು ನೋಟ್ ಬುಕ್ಕಿನ ಹಿಂದೆ ಇಂಗ್ಲಿಷಿನಲ್ಲಿ ಹತ್ತಾರು ಸಲ ಬರೆದು ನೋಡಿದ್ದೆ.

ಆ ದಿನಗಳಲ್ಲಿ ಒಂದು ಶನಿವಾರ ಮನೆಗೆ ಹೋಗಿದ್ದೆ. ನಮ್ಮ ಇನ್ನೊಂದು ಗಿಡ್ಡ ಕರು ಹಾಕಿತ್ತು. ಅಜ್ಜಿ ಪಕ್ಕದ ಮನೆಗೆ ಕಳಿಸಲು ಗಿಣ್ಣದ ಹಾಲನ್ನು ಗಿಂಡಿಗೆ ಬಗ್ಗಿಸಿ, ಮಸಾಲೆ ಡಬ್ಬಿಯಿಂದ ಒಂದು ಚಿಟಿಕೆ ಅರಿಶಿನ ತೆಗೆದು ಅದಕ್ಕೆ ಉದುರಿಸಿದಳು. ಹುಟ್ಟಿದಾಗಿನಿಂದ ನೋಡಿದ ಕೆಲಸ. ಹಾಲು ಹೊಸ್ತಿಲು ದಾಟುವಾಗ ಕಣ್ಣು ತಾಗಬಾರದೆಂದು ನಮ್ಮ ಕಡೆ ಹಳೇ ಮನೆಗಳಲ್ಲಿ ಮಾಡುವುದು. ಲ್ಯಾಬಿಗೆ ನಾನು ಒಯ್ದ ಸೀಸೆಗಳಿಗೂ ಅಜ್ಜಿ ಹಾಕಿದ್ದಳು, ಸುತ್ತಿನ ಮನೆಯವರೂ ಹಾಕಿದ್ದರು. ನಾನು ಎದುರಿಗೇ ನಿಂತಿದ್ದೆ. ಆದರೆ ಅವತ್ತು, ಆ ಚಿಟಿಕೆ ಬೀಳುವುದನ್ನು ನೋಡುತ್ತಿದ್ದಂತೆ, ಲ್ಯಾಬಿನ ಆ ಹಳದಿ ರಸ ನೆನಪಾಯಿತು. ಅರಿಶಿನ ಆಲ್ಕೋಹಾಲಿನಲ್ಲಿ ಕರಗುತ್ತದೆ. ಅರಿಶಿನಕ್ಕೂ ಬ್ಯಾಕ್ಟೀರಿಯಾ ಕೊಲ್ಲುವ ಗುಣವಿದೆ. ಇವೆರಡನ್ನೂ ಮೇಡಂ ಅವರೇ ನನಗೆ ಕಲಿಸಿದ್ದರು.

ಸೋಮವಾರ ಲ್ಯಾಬಿಗೆ ಹೋದೆ. ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ಒಂದು ಚಿಟಿಕೆ ಎಷ್ಟು ಮಹಾ ಎಂದುಕೊಂಡೆ. ನಮ್ಮ ಮನೆಯವರು ಕಣ್ಣು ತಾಗುತ್ತದೆಂದು ನಂಬುತ್ತಾರೆ ಎಂದು ಲ್ಯಾಬಿನಲ್ಲಿ ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಇವೆಲ್ಲ ಮೇಲುಮೇಲಿನ ಕಾರಣ. ಒಳಗಿನ ಕಾರಣವೆಂದರೆ ನೋಟ್ ಬುಕ್ಕಿನ ಹಿಂದೆ ಬರೆದಿದ್ದ ನನ್ನ ಹೆಸರು. ಮೂರು ವಾರ ಹಾಗೇ ಕಳೆದೆ. ಮೇಡಂ ಪರೀಕ್ಷೆಗೆ ಉಡಲೆಂದು ಹಸಿರು ಸೀರೆಯೊಂದನ್ನು ತಂದು ತೋರಿಸಿದಾಗಲೂ, ಚೆನ್ನಾಗಿದೆ ಮೇಡಂ ಎಂದೆ.

ಪರೀಕ್ಷೆಗೆ ವಾರವಿದ್ದಾಗ ಅವರಿಗೆ ಗಿಣ್ಣ ಕೊಟ್ಟ ಮನೆಗಳಿಗೆಲ್ಲ ಹೋಗಿ ಕೃತಜ್ಞತೆ ಹೇಳಿ ಬರಬೇಕು ಅನ್ನಿಸಿತು. ಬೇಡ ಎನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ. ಸಿಹಿ ಪೊಟ್ಟಣ ಹಿಡಿದು ಮೊದಲು ನಮ್ಮ ಮನೆಗೇ ಬಂದರು. ಅಜ್ಜಿ ಹಿಗ್ಗಿ ಹೀರೇಕಾಯಿಯಾದಳು. ಚಾ ಕೊಟ್ಟು, ಹೊರಡುವಾಗ, "ಟೀಚರಮ್ಮ, ಬರೀ ಕೈಯಲ್ಲಿ ಹೋಗ್ಬೇಡಿ. ಗಿಣ್ಣದ ಹಾಲಿದೆ, ತಗಂಡ್ ಹೋಗಿ" ಎಂದು ಗಿಂಡಿ ತಂದು, ಅವರ ಎದುರಿಗೇ ಮಸಾಲೆ ಡಬ್ಬಿ ತೆರೆದು ಚಿಟಿಕೆ ಹಾಕಿದಳು.

ಮೇಡಂ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. "ಅಜ್ಜಿ, ಎಂತ ಹಾಕಿದ್ದು ಅದು?"

"ಅರಿಶಿನ ಅಲ್ವಾ. ಹಾಲು ಹೊಸ್ಲು ದಾಟ್ತದೆ ಅಂದ್ರೆ ಹಾಂಗೇ ಕಳ್ಸಕ್ಕಾಗ್ತದಾ? ಕಣ್ಣು ತಾಗಿ ಕೆಚ್ಲು ಬತ್ತಿ ಹೋಗ್ತದೆ."

"ಕಾಲೇಜಿಗೆ ಕಳ್ಸಿದ್ದಕ್ಕೂ ಹಾಕಿದ್ರಾ?"

"ಅಷ್ಟು ದೂರ ಹೋಗದು, ಅದಕ್ ಹಾಕ್ದೆ ಇರ್ತೀವಾ! ನಿಮ್ ಕಾಲೇಜಲ್ಲಿ ಎಷ್ಟ್ ಜನ ನೋಡ್ತಾರೋ ಏನೋ ಅಂತ ಒಂಚೂರು ಹೆಚ್ಗೇ ಹಾಕಿದ್ದೆ."

"ಈ ಕಡೆ ಎಲ್ರ ಮನೇಲೂ ಹಾಕ್ತಾರಾ?"

"ಗಿಡ್ಡ ಸಾಕಿದೋರು ಎಲ್ಲ ಹಾಕ್ತೀವಿ. ಡೈರಿಗೆ ಹಾಕೋರು ಹಾಕಲ್ಲ. ಹಾಲಿಗೆ ಎಂತಾರೂ ಬೆರ್ಸಿದ್ ಕಂಡ್ರೆ ಡೈರೀಲಿ ವಾಪಸ್ ಮಾಡ್ತಾರಲ್ಲ, ಅವ್ರಿಗೆ ರೂಢಿ ತಪ್ಪಿದೆ."

ಮೇಡಂ ನನ್ನತ್ತ ತಿರುಗಿದರು. ಕೋಪದ ನೋಟವಲ್ಲ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಯಲನ್ನು ಅಳೆಯುವಾಗ ನೋಡುತ್ತಿದ್ದರಲ್ಲ, ಆ ನೋಟ. ನಾನು ತಲೆ ತಗ್ಗಿಸಿದೆ. ಅವರು ಏನೂ ಕೇಳಲಿಲ್ಲ. ಗಿಂಡಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, "ಒಳ್ಳೇದು ಮಾಡಿದ್ರಿ ಅಜ್ಜಿ, ನಿಮ್ ಹಸು ಚೆನ್ನಾಗಿರ್ಲಿ" ಎಂದು ಹೇಳಿ ಹೊರಟರು. ಉಳಿದ ಮನೆಗಳಿಗೆ ಹೋಗದೆ ಬಸ್ಸು ಹತ್ತಿದರು. ತೀರ್ಥಹಳ್ಳಿಯವರೆಗೆ ಗಿಂಡಿ ಅವರ ಮಡಿಲಲ್ಲೇ ಇತ್ತು.

ಮಾರನೆಯ ಬೆಳಿಗ್ಗೆ ಲ್ಯಾಬಿಗೆ ಹೋದಾಗ ಅವರು ಉಳಿಸಿಟ್ಟಿದ್ದ ರಸದ ಸೀಸೆಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಇಟ್ಟಿದ್ದರು. ಕ್ಷಾರದ ಬಾಟಲಿ ಖಾಲಿಯಾಗಿತ್ತು. ಎಲೆಯಡಿಕೆ ಹಾಕುವ ನಮ್ಮ ಅಟೆಂಡರನ್ನು ಕರೆದು, "ನಿಮ್ ಸುಣ್ಣದ ಡಬ್ಬಿ ಕೊಡಿ" ಎಂದರು. ಅವನು ಗಾಬರಿಯಾಗಿ ಕೊಟ್ಟ. ಸುಣ್ಣವನ್ನು ನೀರಲ್ಲಿ ಕದಡಿ, ತಿಳಿಯನ್ನು ಒಂದೊಂದು ಸೀಸೆಗೂ ಎರಡೆರಡು ಹನಿ ಬಿಟ್ಟರು. ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆಂದು ಆರತಿ ನೀರು ಕದಡಿದ ಯಾರಿಗಾದರೂ ಗೊತ್ತು. ಜರ್ಸಿಯ ಸೀಸೆಗಳು ಹಾಗೇ ಉಳಿದವು. ಗಿಡ್ಡಗಳ ಸೀಸೆಗಳು ಒಂದಾದ ಮೇಲೊಂದು ಕೆಂಪಾದವು. ನಿಟ್ಟೂರಿನ ನಮ್ಮ ಮನೆಯದು ಎಲ್ಲಕ್ಕಿಂತ ಕೆಂಪಾಗಿತ್ತು.

ಅಟೆಂಡರ್ ಏನೂ ತಿಳಿಯದೆ, "ಚಂದ ಬಂತಲ್ಲ ಮೇಡಂ, ಓಕುಳಿ" ಎಂದ. "ಹೌದು, ಚಂದ ಬಂತು" ಎಂದರು ಮೇಡಂ. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ಖಾಲಿ ಬಿಲ್ಲೆಗೆ ಬರೀ ಆಲ್ಕೋಹಾಲು ಹಾಕಿದ್ದೆ. ಅದೇ ಮನೆಗಳಿಂದ, ಅದೇ ಕೈಯಿಂದ ಬಂದ ಮಾಮೂಲಿ ಹಾಲು ಹಾಕ್ಬೇಕಿತ್ತು. ಅವತ್ತೇ ಸತ್ಯ ಹೇಳ್ತಿತ್ತು ಅದು."

ಅವರ ಗೈಡ್ ಫೋನಿನಲ್ಲಿ, ಪರೀಕ್ಷೆ ಮುಗಿಯಲಿ, ಒಂದು ಚಿಟಿಕೆ ಅರಿಶಿನವನ್ನು ಯಾರು ಕೇಳುತ್ತಾರೆ ಎಂದರಂತೆ. ಮೇಡಂ ಪ್ರಬಂಧವನ್ನು ಹಿಂದಕ್ಕೆ ಪಡೆದರು. ನೋಂದಣಿಯ ಅವಧಿಯನ್ನು ಆಗಲೇ ಒಮ್ಮೆ ವಿಸ್ತರಿಸಿದ್ದರಿಂದ ಇನ್ನೊಮ್ಮೆ ಅವಕಾಶವಿರಲಿಲ್ಲ. ಅದು ಅವರಿಗೆ ಗೊತ್ತಿದ್ದೇ ಬರೆದ ಪತ್ರ. ಪತ್ರವನ್ನು ಟೈಪು ಮಾಡಿದವಳು ನಾನು. 'ಮಾದರಿ ಸಂಗ್ರಹಿಸುವಾಗ ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಈ ತಪ್ಪು ಸಂಪೂರ್ಣವಾಗಿ ನನ್ನದು' ಎಂಬ ಸಾಲು ಬಂದಾಗ ನನ್ನ ಬೆರಳು ನಿಂತವು. "ಎಂತಾಯ್ತು? ಮುಂದುವರ್ಸು" ಎಂದರು. ಮುಂದುವರಿಸಿದೆ.

ಆಮೇಲೆ ತಮ್ಮದೇ ಪಾತ್ರೆ ಹಿಡಿದು ಕೊಟ್ಟಿಗೆಗಳಿಗೆ ಹೋಗಿ, ಕಣ್ಣೆದುರು ಕರೆಸಿಕೊಂಡು ಪ್ರಯೋಗವನ್ನು ಮತ್ತೆ ಮಾಡಿದರು. ಗಿಡ್ಡಕ್ಕೂ ಜರ್ಸಿಗೂ ಒಂದೇ ಅಳತೆಯ ಸಣ್ಣ ಬಯಲು. "ಇದೂ ಒಂದು ಉತ್ರಾನೇ" ಎಂದು ಬರೆದಿಟ್ಟರು. ಪತ್ರಿಕೆಗೆ ತಿದ್ದುಪಡಿ ಕಳಿಸಿದರು. ಮೂಲೆಯಲ್ಲಿ ಎರಡು ಸಾಲು ಬಂತು. ಶಾಲು ಹೊದಿಸಿದವರು ಎದುರು ಸಿಕ್ಕರೆ ಮುಖ ತಿರುಗಿಸಿದರು. ವಿಭಾಗದ ಕುರ್ಚಿಗೆ ಅವರ ಶಿಷ್ಯನೇ ಬಂದು ಕೂತ. ಸ್ಟಾಫ್ ರೂಮಿನಲ್ಲಿ ಹಿಂದಿನಿಂದ 'ಅರಿಶಿನದ ಮೇಡಂ' ಎನ್ನುವುದು ಅವರಿಗೂ ಕೇಳಿಸುತ್ತಿತ್ತು. ಇದ್ದ ಹುದ್ದೆಯಲ್ಲೇ ನಿವೃತ್ತರಾದರು. ಹಸಿರು ಸೀರೆಯನ್ನು ಬೀಳ್ಕೊಡುಗೆಯ ದಿನ ಉಟ್ಟಿದ್ದರು. ಅದನ್ನು ನೋಡಿ ನಾನು ಊಟ ಮಾಡದೆ ಎದ್ದು ಬಂದೆ.

ಅವರಲ್ಲಿ ಆದ ಬದಲಾವಣೆ ಒಂದೇ. ಚೀಟಿಗೆ ಐದನೆಯ ಸಾಲೊಂದು ಸೇರಿತು: ಬೇರೇನು ಸೇರಿಸಿದೆ? ಉಪ್ಪಿನಕಾಯಿ ಬಾಟಲಿಗೂ ಅದು ಬಂತು. ನನ್ನ ಲ್ಯಾಬಿನ ಫಾರಮ್ಮಿನಲ್ಲೂ ಆ ಪ್ರಶ್ನೆ ಇದೆ. ಮನೆಯಿಂದ ಮಾದರಿ ತರುವವರಿಗೆಲ್ಲ ಕೇಳುತ್ತೇನೆ. ಯಾಕೆ ಕೇಳುತ್ತೀರಿ ಎಂದರೆ ರೂಲ್ಸು ಎನ್ನುತ್ತೇನೆ.

ಕಳೆದ ತಿಂಗಳು ಅವರ ಹೃದಯದ ತೊಂದರೆ ಹೆಚ್ಚಾಗಿದೆ ಎಂದು ತಂಗಿ ತಿಳಿಸಿದರು. ನಮ್ಮ ಮನೆಯಲ್ಲಿ ಆಗಷ್ಟೇ ಹಸು ಕರು ಹಾಕಿತ್ತು. ಅಮ್ಮ ತುಂಬಿಕೊಟ್ಟ ಗಿಣ್ಣದ ಹಾಲಿನ ಡಬ್ಬಿ ಹಿಡಿದು ತೀರ್ಥಹಳ್ಳಿಗೆ ಹೋದೆ. ದಿಂಬಿಗೆ ಒರಗಿ ಕೂತಿದ್ದರು, ಪಾದ ಊದಿತ್ತು. ಡಬ್ಬಿಯ ಮುಚ್ಚಳ ತೆಗೆದು ಮೂಸಿ, "ಅರಿಶಿನ ಇದ್ಯಾ?" ಎಂದರು.

"ಇದೆ ಮೇಡಂ. ಅಮ್ಮ ಹಾಕಿದ್ಲು."

"ಸೈ. ಇನ್ನು ಈ ವಯಸ್ಸಲ್ಲಿ ನಂಗೆ ಕಣ್ಣು ತಾಗಲ್ಲ ಬಿಡು" ಎಂದು ನಕ್ಕರು. ತಂಗಿ ಡಬ್ಬಿಯನ್ನು ಒಳಗೆ ಒಯ್ದರು. ನಾವಿಬ್ಬರೇ ಉಳಿದೆವು. ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಇವತ್ತು ಹೇಳದಿದ್ದರೆ ಇನ್ನು ಹೇಳಲಾಗುವುದಿಲ್ಲ ಎನ್ನಿಸಿತು.

"ಮೇಡಂ, ಲ್ಯಾಬಿಗೆ ತಂದ ಹಾಲಿಗೆ ಅಜ್ಜಿ ಅರಿಶಿನ ಹಾಕಿದ್ದು ನಂಗೆ ಮೊದ್ಲೇ ಗೊತ್ತಿತ್ತು. ನೀವು ನಮ್ಮನೆಗೆ ಬರೋ ಮೂರು ವಾರ ಮುಂಚೆನೇ. ನಾನು ಹೇಳ್ಲಿಲ್ಲ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ನಿಮ್ಮನೇಲಿ, ನೀನು ತಲೆ ತಗ್ಸಿದಾಗ."

"ಮತ್ತೆ ಯಾಕೆ ನೀವು ಒಂದ್ಸಲನೂ ಕೇಳ್ಲಿಲ್ಲ? ಬೈದಿದ್ರೂ ಆಗ್ತಿತ್ತು."

ಅವರು ದಿಂಬನ್ನು ಸರಿಮಾಡಿಕೊಂಡರು. "ಕೇಳಿದ್ರೆ ನೀನು ಅವತ್ತು ಸುಳ್ಳು ಹೇಳ್ತಿದ್ದೆ ಮಾರಾಯ್ತಿ. ಸಣ್ಣೋಳು ನೀನು. ಒಂದ್ಸಲ ಹೇಳಿದ್ರೆ ಅದನ್ನೇ ಸಾಧಿಸ್ಕೊಂಡು ಹೋಗ್ತಿದ್ದೆ. ಒಂದು ಪ್ರಯೋಗ ಕೆಟ್ಟಿತ್ತು, ಅಷ್ಟು ಸಾಕಿತ್ತು ನಂಗೆ."

ನಾನು ಅವರ ಊದಿದ ಪಾದದ ಮೇಲೆ ಕೈ ಇಟ್ಟು ಅತ್ತೆ. ಅವರು ತಡೆಯಲಿಲ್ಲ. ಆಮೇಲೆ ಗಡಿಯಾರ ನೋಡಿ, "ಲೇಟಾಗಿ ಬಂದ್ರೂ ರಿಸಲ್ಟ್ ರಿಸಲ್ಟೇ. ಹೊರಡು, ನಾಕು ಗಂಟೆ ಬಸ್ ತಪ್ಪಿದ್ರೆ ಆಮೇಲೆ ಕಷ್ಟ" ಎಂದರು. ಗಡಿಬಿಡಿಯಲ್ಲಿ ಡಬ್ಬಿಯನ್ನು ಅಲ್ಲೇ ಮರೆತೆ. ಹತ್ತು ದಿನಕ್ಕೆ ಅವರು ಹೋದರು.

ಡಬ್ಬಿ ಬಂದ ಸೋಮವಾರ ಸಂಜೆ ಲ್ಯಾಬಿನ ಸಾಲು ಕರಗಿದ ಮೇಲೆ ತಂಗಿಗೆ ಫೋನ್ ಮಾಡಿ, ಡಬ್ಬಿಯಲ್ಲಿ ಏನಿದೆ ಎಂದು ಕೇಳಿದೆ. "ನಂಗೆ ಗೊತ್ತಿಲ್ಲ. ನೀವು ಬಂದು ಹೋದ ಮಾರ್ನೇ ದಿನ ಅಕ್ಕನೇ ತುಂಬ್ಸಿ, ಕೂತಲ್ಲೇ ಪಟ್ಟಿ ಹಾಕಿ ಇಟ್ಟಿದ್ಲು. ಹಾಲು ಬಂದ ಪಾತ್ರೆ ಖಾಲಿ ಕಳ್ಸಬಾರ್ದು ಅಂದ್ಲು. ನಾನೇ ಕಳ್ಸೋಕೆ ತಡ ಮಾಡ್ದೆ" ಎಂದರು.

ಪಟ್ಟಿ ಬಿಡಿಸಿ ಮುಚ್ಚಳ ತೆಗೆದೆ. ಒಳಗೆ ಒಂದು ಬೆಲ್ಲದ ಅಚ್ಚು ಇತ್ತು. ಅದಕ್ಕೆ ದಾರ ಕಟ್ಟಿ ಒಂದು ಚೀಟಿ ಸಿಕ್ಕಿಸಿದ್ದರು. ಅಕ್ಷರ ಸ್ವಲ್ಪ ನಡುಗಿತ್ತು, ಆದರೆ ಐದು ಸಾಲೂ ಪೂರ್ತಿಯಾಗಿದ್ದವು. ಏನು: ಬೆಲ್ಲ. ಎಲ್ಲಿಂದ: ನಮ್ಮ ಮನೆ. ಯಾವಾಗ: ನೀನು ಬಂದು ಹೋದ ಮಾರನೆ ದಿನ. ಯಾರ ಕೈಯಿಂದ: ನನ್ನ ಕೈಯಿಂದ. ಬೇರೇನು ಸೇರಿಸಿದೆ: ಏನೂ ಇಲ್ಲ, ತಿನ್ನು.